ಕುರ್ಚಿಯ ಬಲಗೈ

ಜನವರಿ 11

ದೊರೆಗೆ,

ದೇವರು ಇಟ್ಟ ಹಾಗೆ ಇದ್ದೇನೆ. ನೀನು ಚೆನ್ನಾಗಿರುವುದು ನಿನ್ನ ಅಂಗಡಿಯ ಕ್ಯಾಲೆಂಡರಿನಿಂದ ತಿಳಿಯಿತು. ಈ ವರ್ಷವೂ ಮೊದಲ ಹಾಳೆಗೆ ನನ್ನನ್ನೇ ಹಾಕಿದ್ದೀಯ. ಗಾಲಿಕುರ್ಚಿಯಲ್ಲಿ ನಾನು, ಹಿಂದೆ ನಿಂತು ಹಲ್ಲು ಬಿಟ್ಟುಕೊಂಡು ನೀನು, ಕೆಳಗೆ ಕೆಂಪು ಅಕ್ಷರದಲ್ಲಿ 'ನಮ್ಮ ಅಕ್ಕನಿಗೂ ನಮ್ಮದೇ ಕುರ್ಚಿ'. ನಮ್ಮ ಮೇಲ್ವಿಚಾರಕಿ ಅದನ್ನು ಬಟ್ಟೆ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರದ ಎದುರಿಗೇ ತೂಗುಹಾಕಿದ್ದಾರೆ. ಆಸ್ಪತ್ರೆಯ ಹರಿದ ಹಾಸುಗಳಿಗೆ ತೇಪೆ ಹಾಕುತ್ತಾ ತಲೆ ಎತ್ತಿದರೆ ನಿನ್ನ ಹಲ್ಲು ಕಾಣುತ್ತದೆ. ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಭಗವಂತನನ್ನು ಕೇಳುವುದನ್ನು ಬಿಟ್ಟಿದ್ದೇನೆ.

ಅದೇ ಕುರ್ಚಿಯ ವಿಷಯಕ್ಕೆ ಬರೆಯುತ್ತಿದ್ದೇನೆ. ಅಮ್ಮ ಹೋದ ಎರಡು ತಿಂಗಳಿಗೆ ನೀನು ತಂದುಕೊಟ್ಟದ್ದು. ಇನ್ನೂ ಎರಡು ವರ್ಷ ತುಂಬಿಲ್ಲ. ಅದರ ಬಲಗೈ ನಿಲ್ಲುತ್ತಿಲ್ಲ. ಕೈಯ ಮುಂದಿನ ಕೊಳವೆ ಹೋಗಿ ಕೂರುವ ಸಾಕೆಟ್ ಇದೆಯಲ್ಲ, ಅದರ ಅಂಚು ಸೀಳಿದೆ. ಟಕ್ ಎಂದು ಹಿಡಿಯುವ ಗುಂಡಿ ಈಗ ಒಳಗೇ ಉಳಿದುಕೊಳ್ಳುತ್ತದೆ. ಮೇಲಿನ ಮೆತ್ತೆಯ ರೆಕ್ಸಿನ್ನೂ ಮೂಲೆಯಲ್ಲಿ ಬಾಯಿ ಬಿಟ್ಟಿದೆ, ಅದು ಇರಲಿ, ನನಗೆ ಸೂಜಿ ಹಿಡಿಯಲು ಬರುತ್ತದೆ.

ನಿನಗೆ ನೆನಪಿರಲಿ ಎಂದು ಹೇಳುತ್ತೇನೆ. ಐದನೇ ವಯಸ್ಸಿನಲ್ಲಿ ಆ ಜ್ವರ ನನ್ನ ಕಾಲುಗಳನ್ನು ತೆಗೆದುಕೊಂಡ ಮೇಲೆ ನಾನು ನಿಂತಿರುವುದು ಈ ಎರಡು ತೋಳುಗಳ ಮೇಲೆ. ಬೆಳಿಗ್ಗೆ ದೇವರ ಹೆಸರು ಹೇಳಿ ಕುರ್ಚಿಯ ಎಡಗೈ ಕಿತ್ತಿಟ್ಟು, ಬಲಗೈ ಹಿಡಿದು ಮೈಯೆಳೆದುಕೊಂಡು ಹಾಸಿಗೆಯಿಂದ ಕುರ್ಚಿಗೆ ದಾಟುತ್ತೇನೆ. ದಿನಕ್ಕೆ ಎಂಟು ಸಲ ಹೀಗೆ ಇಳಿದು ಹತ್ತುವುದಿದೆ. ನನ್ನ ಇಡೀ ಭಾರ ಆ ಒಂದು ಗುಂಡಿಯ ಮೇಲೆ.

ಸಾಕೆಟ್ಟೂ ಗುಂಡಿಯೂ ಕಳಿಸು. ಬೇರೆ ಏನೂ ಬೇಡ.

ನಿನ್ನ ಕ್ಯಾಲೆಂಡರಿನ ಹೆಂಗಸು,
ಅಕ್ಕ

---

ಜನವರಿ 24

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಕೈಸೇರಿ ಸಂತೋಷವಾಯಿತು. ನಮ್ಮ ಸಂಸ್ಥೆಯ ಉತ್ಪನ್ನದ ಬಗ್ಗೆ ನೀನು ವ್ಯಕ್ತಪಡಿಸಿದ ಕಾಳಜಿಗೆ ಧನ್ಯವಾದ. ಇದರ ಜೊತೆ ಒಂದು ಜೊತೆ ಹೊಸ ಪ್ಯಾಡ್ ಕಳಿಸಿದ್ದೇನೆ. ಒಳಗೆ ಎರಡು ಪದರ ಸ್ಪಂಜು, ಮೇಲೆ ಬೆವರು ಹಿಡಿಯದ ರೆಕ್ಸಿನ್. ವಿಮಾನದ ಸೀಟಿಗೆ ಹಾಕುವಂಥದ್ದು. ನಾಲ್ಕು ಸ್ಕ್ರೂ ಬಿಚ್ಚಿ ನಾಲ್ಕು ಸ್ಕ್ರೂ ಹಾಕಿಸಿಬಿಡು.

ನಿನ್ನ ನಾದಿನಿ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಮನೆಗೆ ಹೊಸ ಬಣ್ಣ ಹೊಡೆಸಿದೆವು.

ಇಂತಿ ನಿನ್ನ ತಮ್ಮ,
ಮಾಲೀಕರು

---

ಫೆಬ್ರುವರಿ 3

ಮಾಲೀಕರಿಗೆ,

ಒಡಹುಟ್ಟಿದವಳಿಗೆ 'ಮಾಲೀಕರು' ಎಂದು ಸಹಿ ಹಾಕುವವನನ್ನು ಈ ಲೋಕದಲ್ಲಿ ಮೊದಲು ಕಂಡವಳು ನಾನೇ ಇರಬೇಕು. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ಇಯತ್ತೆ. ಆದರೂ ಸಾಕೆಟ್ ಎಂದರೆ ಸಾಕೆಟ್ ಎಂದೇ ಓದುತ್ತೇನೆ. ನೀನು ಮೆತ್ತೆ ಎಂದು ಓದಿದೆ.

ಮೂಳೆ ಮುರಿದವನಿಗೆ ಹೊಸ ಅಂಗಿ ಕಳಿಸಿದ ಹಾಗಾಯಿತು. ಹೋಗಲಿ ಎಂದು ಹಾಕಲು ನೋಡಿದರೆ ಎಡಗಡೆಯದು ಕೂತಿತು, ಬಲಗಡೆಯದರ ತೂತುಗಳೇ ಕೂಡಲಿಲ್ಲ. ಕುರ್ಚಿಯ ಬಲಗೈಯಲ್ಲಿ ತೂತಿಗೂ ತೂತಿಗೂ ಏಳೂವರೆ ಅಂಗುಲ. ನಿನ್ನ ವಿಮಾನದ ಮೆತ್ತೆಯಲ್ಲಿ ಎಂಟೂಕಾಲು. ಒಂದೇ ಕುರ್ಚಿಗೆ ಎರಡು ಅಳತೆಯ ಕೈ ಹೇಗೆ ಬಂತು?

ಬಟ್ಟೆ ಒಗೆಯುವ ಕಡೆ ಬಾಯ್ಲರ್ ನೋಡಿಕೊಳ್ಳುವ ಹಿರಿಯರಿದ್ದಾರೆ, ಎಲ್ಲರೂ ಬಾಯ್ಲರ್ ಮಾವ ಎನ್ನುತ್ತೇವೆ. ಅವರನ್ನು ಕರೆಸಿ ತೋರಿಸಿದೆ. ಮೆತ್ತೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಕಳ್ಸಿದ್ದು ಯಾರಮ್ಮ?" ಎಂದರು. ತಮ್ಮ, ಗಾಲಿಕುರ್ಚಿ ಅಂಗಡಿಯವನು ಎಂದೆ. "ಓ, ಅಂಗಡಿಯೋರಾ. ನಾನು ಯಾರೋ ಗೊತ್ತಿಲ್ದೋರು ಅನ್ಕೊಂಡೆ," ಎಂದು ಅದನ್ನು ನನ್ನ ಮಡಿಲಲ್ಲಿಟ್ಟು ಹೋದರು.

ಬಣ್ಣ ಹೊಡೆಸಿದ ವಿಷಯ ತಿಳಿದು ಸಂತೋಷ. ಮುಂಬಾಗಿಲ ಐದು ಮೆಟ್ಟಿಲಿಗೂ ಹೊಡೆಸಿದೆಯಾ? ಯಾವ ಬಣ್ಣ?

ಅಕ್ಕ

---

ಫೆಬ್ರುವರಿ 19

ಪ್ರೀತಿಯ ಅಕ್ಕ,

ನಿನ್ನ ಪತ್ರದ ಧಾಟಿ ನೋಡಿ ನೋವಾಯಿತು. ಆದರೂ ಸೇವೆ ನಮ್ಮ ಕರ್ತವ್ಯ. ಕುರ್ಚಿಯ ಹಿಂದೆ ಅಂಟಿಸಿದ ಚೀಟಿಯ ನಂಬರು ನೋಡಿ, ಅದಕ್ಕೆ ಸರಿಯಾದ ಬಲಗೈಯನ್ನೇ ಪೂರ್ತಿಯಾಗಿ, ಗುಂಡಿ ಸಮೇತ ಕಳಿಸಿದ್ದೇನೆ. ಹಳೆಯದನ್ನು ಎತ್ತಿ ಹೊಸದನ್ನು ಇಳಿಸಿದರೆ ಮುಗಿಯಿತು. ಹಳೆಯದನ್ನು ನನಗೆ ವಾಪಸ್ ಕಳಿಸು. ಅದರ ಪ್ಯಾಡ್ ಬಿಚ್ಚಬೇಡ, ಬಿಚ್ಚಿದರೆ ಕಂಪನಿಯವರು ಒಪ್ಪುವುದಿಲ್ಲ.

ಇನ್ನೊಂದು ಮಾತು. ಈ ವಯಸ್ಸಿನಲ್ಲಿ ನಿನಗೆ ದುಡಿಮೆ ಯಾಕೆ? ನಮ್ಮ ಮನೆಯಲ್ಲಿ ಅಮ್ಮ ಇದ್ದ ಕೋಣೆ ಖಾಲಿ ಇದೆ. ಬಂದು ಇರು. ಮೆಟ್ಟಿಲ ವಿಷಯ ದೊಡ್ಡದು ಮಾಡಬೇಡ, ಎತ್ತಿಕೊಂಡು ಹೋಗಲು ಜನ ಇದ್ದಾರೆ.

ಇಂತಿ,
ತಮ್ಮ

---

ಮಾರ್ಚ್ 6

ದೊರೆಗೆ,

ನಿನ್ನನ್ನು ಅಮ್ಮ ದೊರೆ ಎನ್ನುತ್ತಿದ್ದದ್ದು ಮುದ್ದಿಗೆ. ನಾನು ಯಾಕೆ ಅನ್ನುತ್ತೇನೆ ಎಂಬುದನ್ನು ನೀನೇ ಯೋಚಿಸು.

ನೀನು ಕಳಿಸಿದ ಕೈ ಸಾಕೆಟ್ಟಿಗೆ ಇಳಿಯಲಿಲ್ಲ. ಕೊಳವೆ ದಪ್ಪ, ಸಾಕೆಟ್ ಸಣ್ಣ. ಬಾಯ್ಲರ್ ಮಾವ ಎಣ್ಣೆ ಬಿಟ್ಟರು, ಒತ್ತಿದರು, ಕಡೆಗೆ ಒಂದು ಬೈಗುಳವನ್ನೂ ಬಿಟ್ಟರು. ಹಳೆಯ ಕೈಯನ್ನೇ ತಂತಿ ಸುತ್ತಿ ಕಟ್ಟಿಕೊಟ್ಟರು. "ಇದು ಎಷ್ಟು ದಿನಾನೋ ಅಷ್ಟು ದಿನ ತಾಯಿ, ದೇವರ ಮೇಲೆ ಭಾರ ಹಾಕು," ಎಂದರು. ದೇವರ ಮೇಲೆ ಹಾಕಿದ್ದೆ. ತಂತಿ ತಡೆಯಲಿಲ್ಲ.

ಫೆಬ್ರುವರಿ ಕೊನೆಯ ಶುಕ್ರವಾರ, ಬಟ್ಟೆ ಕೋಣೆಯಲ್ಲಿ ಎಲ್ಲರೂ ನೋಡುತ್ತಿದ್ದಂತೆ ಬಿದ್ದೆ. ಕುರ್ಚಿಯಿಂದ ಕತ್ತರಿಸುವ ಮೇಜಿನ ಪಕ್ಕದ ಬೆಂಚಿಗೆ ದಾಟುವಾಗ ಕೈ ಕಿತ್ತುಕೊಂಡು ನನ್ನ ಕೈಗೇ ಬಂತು. ಗದ್ದ ಬೆಂಚಿಗೆ ತಗುಲಿ ಮೂರು ಹೊಲಿಗೆ ಬಿದ್ದವು. ಹೊಲಿದವನು ಎಳೆಯ ಡಾಕ್ಟರ್. ಅವನ ಹೊಲಿಗೆ ನೋಡಿ ನನಗೆ ನಾಚಿಕೆಯಾಯಿತು.

ಮೇಲ್ವಿಚಾರಕಿ ಕೆಟ್ಟವರಲ್ಲ. ಬಾಗಿಲು ಹಾಕಿಕೊಂಡು ಕೂರಿಸಿ ಹೇಳಿದರು: "ನೋಡೀಮ್ಮ, ಮತ್ತೊಂದ್ಸಲ ಬಿದ್ರೆ ಜವಾಬ್ದಾರಿ ನನ್ನ ಮೇಲೆ ಬರತ್ತೆ. ಏಪ್ರಿಲ್ ಮೂವತ್ತರೊಳಗೆ ಕುರ್ಚಿ ಸರಿ ಮಾಡ್ಸಿ ತೋರ್ಸಿ. ಇಲ್ಲಾಂದ್ರೆ ನಿಮ್ಮನ್ನ ಕೆಲಸದಲ್ಲಿ ಇಟ್ಕೊಳ್ಳೋಕಾಗಲ್ಲ." ಆಮೇಲೆ ಗೋಡೆಯ ಮೇಲಿನ ನಿನ್ನ ಹಲ್ಲಿನ ಕಡೆ ತಿರುಗಿ, "ಅಲ್ಲ, ನಿಮ್ಮ ತಮ್ಮನವರದ್ದೇ ಅಂಗಡಿ ಅಲ್ವಾ?" ಎಂದರು.

ಕೆಲಸ ಹೋದರೆ ಆಸ್ಪತ್ರೆ ಕೊಟ್ಟ ಈ ಒಂದು ಕೋಣೆಯೂ ಹೋಗುತ್ತದೆ. ಹನ್ನೊಂದು ಅಡಿ ಉದ್ದ, ಒಂಬತ್ತು ಅಡಿ ಅಗಲ. ಎಟುಕುವ ಎತ್ತರಕ್ಕೆ ದೀಪದ ಸ್ವಿಚ್ಚು, ಎಟುಕುವ ಎತ್ತರಕ್ಕೆ ದೇವರ ಪಟ. ನನ್ನ ಬಾಗಿಲನ್ನು ನಾನೇ ತೆಗೆಯುತ್ತೇನೆ, ನಾನೇ ಹಾಕುತ್ತೇನೆ. ಅದು ಹೋದರೆ ನನಗೆ ಉಳಿಯುವುದು ನಿನ್ನ ಐದು ಮೆಟ್ಟಿಲು.

ಎತ್ತಿಕೊಂಡು ಹೋಗಲು ಜನ ಇದ್ದಾರೆ ಎಂದು ಬರೆದಿದ್ದೀಯ. ಕಂಡಿದ್ದೇನೆ. ಐದು ವರ್ಷದ ಹಿಂದೆ ನಿನ್ನ ಗೃಹಪ್ರವೇಶಕ್ಕೆ ಬಂದಾಗ ಇಬ್ಬರು ಬಗಲಿಗೆ ಕೈಹಾಕಿ, ಒಬ್ಬ ಕಾಲು ಹಿಡಿದು ಎತ್ತಿದರು. "ಹುಷಾರು, ಗೋಡೆಗೆ ಗೀರು ಬಿದ್ದೀತು," ಎಂದು ನೀನು ಮೇಲಿನಿಂದ ಕೂಗಿದೆ. ಗೋಡೆಗೆ. ಅವತ್ತು ಬಂದವಳು ಮತ್ತೆ ಬರಲಿಲ್ಲ, ಅಮ್ಮ ನಿನ್ನ ಮನೆ ಸೇರಿದ ಮೇಲೂ. ಊರಿಗೆಲ್ಲ ಗಾಲಿಕುರ್ಚಿ ಮಾರುವವನಿಗೆ ತನ್ನ ಬಾಗಿಲಿಗೊಂದು ಇಳಿಜಾರು ಕಟ್ಟಿಸಬೇಕು ಎಂದು ಹೊಳೆಯಲಿಲ್ಲ.

ಬಲಗಡೆಯ ಸಾಕೆಟ್ಟಿನ ಒಳ ಅಳತೆ ಮುಕ್ಕಾಲು ಅಂಗುಲ. ಎಡಗಡೆಯದು ಒಂದು ಅಂಗುಲಕ್ಕೆ ಒಂದು ಗೆರೆ ಕಡಿಮೆ. ಮೂರು ಸಲ ಅಳೆದಿದ್ದೇನೆ.

ಗದ್ದಕ್ಕೆ ಪಟ್ಟಿ ಕಟ್ಟಿಕೊಂಡ,
ಅಕ್ಕ

---

ಮಾರ್ಚ್ 15

ಅಕ್ಕ,

ಬಿದ್ದ ವಿಷಯ ತಿಳಿದು ತುಂಬ ಬೇಸರವಾಯಿತು. ಒಂದೇ ಕುರ್ಚಿಯಲ್ಲಿ ಎರಡು ಅಳತೆ ಇರಲು ಸಾಧ್ಯವಿಲ್ಲ. ನಿನ್ನ ಟೇಪ್ ಹಳೆಯದಾಗಿ ಎಳೆದುಕೊಂಡಿರಬಹುದು. ಬಟ್ಟೆ ಅಳೆಯುವುದೇ ಬೇರೆ, ಕಬ್ಬಿಣ ಅಳೆಯುವುದೇ ಬೇರೆ.

ಈ ರಗಳೆಯೇ ಬೇಡ. ಪೂರ್ತಿ ಹೊಸ ಕುರ್ಚಿಯನ್ನೇ ಕಳಿಸುತ್ತೇನೆ. ಈಗಿನ ಮಾದರಿ, ಅಗಲ ಇಪ್ಪತ್ತೇಳು ಅಂಗುಲ, ಆರಾಮಾಗಿ ಕೂರಬಹುದು. ಆದರೆ ಹಳೆಯದು ವಾಪಸ್ ಬೇಕು. ಪ್ಯಾಡ್ ಮಾತ್ರ ಬಿಚ್ಚಬೇಡ.

ತಮ್ಮ

---

ಮಾರ್ಚ್ 18

ದೊರೆಗೆ,

ನನ್ನ ಬಾಗಿಲು ಇಪ್ಪತ್ತಾರು ಅಂಗುಲ. ಹೊಸ ಕುರ್ಚಿ ಕಳಿಸುವ ಮೊದಲು ಬಂದು ಬಾಗಿಲಿಗೆ ಬುದ್ಧಿ ಹೇಳಿ ಹೋಗು.

ಮೂವತ್ತು ವರ್ಷದಿಂದ ಅಳತೆ ಹಿಡಿದವಳ ಟೇಪು ಎಳೆದುಕೊಂಡಿದೆ ಎಂದೆಯಲ್ಲ. ದೇವರು ನಿನಗೆ ಆಯುಷ್ಯ ಕೊಡಲಿ, ಬುದ್ಧಿಯನ್ನು ನೀನಾಗಿ ಕೇಳಿಕೊಂಡರೆ ಕೊಟ್ಟಾನು.

ಪ್ಯಾಡ್ ಬಿಚ್ಚಬೇಡ, ಪ್ಯಾಡ್ ಬಿಚ್ಚಬೇಡ ಎಂದು ಎರಡು ಕಾಗದದಲ್ಲಿ ಬರೆದಿದ್ದೀಯ. ಹೊಟ್ಟೆಯೊಳಗೆ ಏನೋ ಇದೆ ನಿನಗೆ.

ಅಕ್ಕ

---

ಮಾರ್ಚ್ 28

ಬಿಚ್ಚಿದೆ.

ಹರಿದ ಮೂಲೆಯಿಂದ ಕತ್ತರಿ ತೂರಿಸಿ ಕಪ್ಪು ರೆಕ್ಸಿನ್ ತೆಗೆದೆ. ಅದರ ಕೆಳಗೆ ಇನ್ನೊಂದು ರೆಕ್ಸಿನ್, ಹಳೆಯದು, ನೀಲಿ. ಅದು ನಡುವೆ ಸೀಳಿದೆ. ಸೀಳಿನ ಮೇಲೆ ಹಸಿರು ಗೀಟಿನ ಬಟ್ಟೆಯ ತೇಪೆ.

ಆ ಬಟ್ಟೆ ನನಗೆ ಗೊತ್ತು. ಅಮ್ಮ ನಿನ್ನ ಮನೆಗೆ ಬಂದ ವರ್ಷ ನಾನು ಹೊಲಿದು ಕಳಿಸಿದ ದಿಂಬಿನ ಚೀಲದ್ದು. ಆ ಹೊಲಿಗೆಯೂ ಗೊತ್ತು. ಐದು ಹೊಲಿಗೆಗೊಂದು ಗಂಟು. ದಾರ ಒಂದು ಕಡೆ ಹರಿದರೆ ಐದೇ ಹೋಗಲಿ, ಉಳಿದದ್ದು ನಿಲ್ಲಲಿ ಎನ್ನುತ್ತಿದ್ದಳು. ಹಾಗೆ ಹೊಲಿಯುವವರು ನನಗೆ ತಿಳಿದ ಮಟ್ಟಿಗೆ ಇಬ್ಬರೇ. ನನ್ನ ಹೊಲಿಗೆ ಬಲಕ್ಕೆ ವಾಲುತ್ತದೆ, ಇದು ಎಡಕ್ಕೆ ವಾಲಿದೆ. ಅಮ್ಮ ಎಡಗೈಯವಳು.

ಇದು ಅಮ್ಮ ಕೊನೆಗಾಲದಲ್ಲಿ ಕೂತಿದ್ದ ಗಾಲಿಕುರ್ಚಿಯ ಕೈ. ಹೊಸ ಕುರ್ಚಿಗೆ ಜೋಡಿಸಿ, ಮೇಲೆ ಕಪ್ಪು ಹೊದಿಸಿ, ನನ್ನನ್ನು ಅದರಲ್ಲಿ ಕೂರಿಸಿ, ಫೋಟೊ ತೆಗೆದು 'ನಮ್ಮ ಅಕ್ಕನಿಗೂ' ಎಂದು ಅಚ್ಚು ಹಾಕಿಸಿದೆ. ಹಳೆಯದು ಕೊಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ನಾನು ತೇಪೆ ಹಾಕಿ ಅನ್ನ ತಿನ್ನುವವಳು. ಹೊಸದು ಎಂದೆಯಲ್ಲ, ಅದಕ್ಕೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ತೇಪೆಯ ಒಳಮಗ್ಗುಲ ಹೊಲಿಗೆ ನೆಟ್ಟಗಿದೆ. ಹೊರಮಗ್ಗುಲದ್ದು ಅಂಕುಡೊಂಕು, ಎರಡು ಕಡೆ ಸೂಜಿ ಚುಚ್ಚಿ ರಕ್ತದ ಕಲೆ. ಯಾಕೆ ಹೇಳು? ಹೊರಮಗ್ಗುಲು ಅವಳಿಗೆ ಕಾಣಿಸುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತಲ್ಲೇ, ಎಡಗೈಯನ್ನು ಆಚೆ ಚಾಚಿ, ತಡವಿ ತಡವಿ ಹೊಲಿದಿದ್ದಾಳೆ. ಅವಳನ್ನು ಕೆಳಗಿಳಿಸಿ ಕೈಯನ್ನು ಮಡಿಲಿಗೆ ಕೊಡುವವರೂ ಆ ಮನೆಯಲ್ಲಿ ಇರಲಿಲ್ಲ.

ನಿನ್ನ ಅಂಗಡಿಯಲ್ಲಿ ಆಗ ಎಷ್ಟು ಕುರ್ಚಿಗಳಿದ್ದವು ದೊರೆ?

ಇದಕ್ಕೆ ನಿನ್ನ ಹೆಸರು ಅಚ್ಚಾದ ಕಾಗದದಲ್ಲಿ ಉತ್ತರ ಬರೆಯಬೇಡ. ಬರೆದರೆ ಒಡೆಯದೆ ಬಾಯ್ಲರಿಗೆ ಹಾಕಿಸುತ್ತೇನೆ. ಕ್ಯಾಲೆಂಡರ್ ಆಗಲೇ ಹೋಗಿದೆ. ಬಾಯ್ಲರ್ ಮಾವ ಕೈಮುಗಿದು ಹಾಕಿದರು.

---

ಏಪ್ರಿಲ್ 14

ಅಕ್ಕ,

ಇದು ಮಗಳ ಶಾಲೆಯ ಪುಸ್ತಕದ ಹಾಳೆ. ನನ್ನ ಕೈಬರಹ ನಿನಗೆ ಓದಲು ಬರುತ್ತದೋ ಇಲ್ಲವೋ. ನಾಲ್ಕು ಸಲ ಬರೆದು ಹರಿದೆ.

ಮೂವತ್ತೊಂದು ಕುರ್ಚಿ ಇದ್ದವು.

ಅಮ್ಮ ಎರಡು ಸಲ ಹೇಳಿದಳು. "ದೊರೇ, ಕೈ ಚುಚ್ಚುತ್ತೆ ಕಣೋ." ನಾಳೆ ತರ್ತೀನಮ್ಮ ಅಂದೆ. ಮೂರನೇ ಸಲ ಹೇಳಲಿಲ್ಲ, ಅದಕ್ಕೇ ನಾನು ಮರೆತೆ. ಎಂಟು ತಿಂಗಳಾಯಿತು. ಒಂದು ದಿನ ನೋಡಿದರೆ ಹೊಲಿದುಕೊಂಡು ಕೂತಿದ್ದಾಳೆ. ಆಮೇಲೆ ಅದೇ ದಿನ ಸಂಜೆ ಹೊಸದು ತಂದೆ. ನಿಜವಾಗಿ ತಂದೆ ಅಕ್ಕ. ಬೇಡ ಅಂದಳು. "ಇದು ಈಗ ನಂದಾಯ್ತು, ಬಿಡು," ಅಂದಳು. ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ಚೆನ್ನಾಗಿತ್ತು.

ಕೊನೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಆ ಮೆಟ್ಟಿಲ ಮೇಲೆ ಅವಳನ್ನೂ ಎತ್ತಿಯೇ ಇಳಿಸಿದೆವು. ಕುರ್ಚಿಯ ಆ ಕೈಯನ್ನು ತಟ್ಟಿ, "ಇದನ್ನ ಅಕ್ಕಂಗೆ ಕೊಡು, ಅವಳಿಗೆ ಹೊಲಿಗೆ ಅರ್ಥ ಆಗತ್ತೆ," ಅಂದಳು. ಕುರ್ಚಿಯ ಉಳಿದ ಭಾಗ ತುಕ್ಕು ಹಿಡಿದಿತ್ತು. ಅದಕ್ಕೇ ಬಲಗೈಯನ್ನು ಸಾಕೆಟ್ ಸಮೇತ ಹೊಸದಕ್ಕೆ ಹಾಕಿಸಿದೆ. ಹಾಗೆಯೇ ಕೊಟ್ಟರೆ ನೀನು ಹೊಲಿಗೆ ನೋಡುತ್ತೀಯ. ನೋಡಿದರೆ ಕೇಳುತ್ತೀಯ. ಅದಕ್ಕೆ ಕಪ್ಪು ಹೊದಿಸಿದೆ. ಕೊಟ್ಟ ಮಾತು ಉಳಿಯಿತು, ನನ್ನ ಮುಖವೂ ಉಳಿಯಿತು ಅಂದುಕೊಂಡೆ.

ಆ ಅಳತೆಯ ಸಾಕೆಟ್ ಈಗ ಎಲ್ಲೂ ಬರುವುದಿಲ್ಲ. ಅದಕ್ಕೇ ಏನೇನೋ ಕಳಿಸಿದೆ. ನಿನ್ನ ಟೇಪ್ ಸರಿಯಾಗಿದೆ.

ನಿನ್ನ ತಮ್ಮ

---

ಏಪ್ರಿಲ್ 18

ತಮ್ಮಾ,

ನಿನ್ನ ಕಾಗದ ಓದಿದೆ. ಕೈಬರಹ ಮೂರನೇ ತರಗತಿಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿದೆ.

ಕ್ಷಮಿಸುವುದು ಬಿಡುವುದು ಮೇಲಿನವನಿಗೆ ಸೇರಿದ್ದು, ಅದರಲ್ಲಿ ನಾನು ಕೈ ಹಾಕುವುದಿಲ್ಲ. ನಿನ್ನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ ಎಂದೂ ತಿಳಿಯಬೇಡ. ಎಂಟು ತಿಂಗಳು ಎಂದರೆ ಎಂಟು ತಿಂಗಳೇ. ಆದರೆ ಒಂದು ಮಾತು ಬರೆಯದಿದ್ದರೆ ನಾಳೆ ದೇವರ ಪಟದ ಮುಂದೆ ಕಣ್ಣು ಮುಚ್ಚಲಾಗುವುದಿಲ್ಲ. ಆ ಎಂಟು ತಿಂಗಳಲ್ಲಿ ನಾನು ಒಂದು ಸಲ ಬಂದಿದ್ದರೆ ಆ ಮೆತ್ತೆಯನ್ನು ಗಳಿಗೆಯಲ್ಲಿ ಹೊಲಿದುಕೊಡುತ್ತಿದ್ದೆ. ನನ್ನನ್ನು ಎತ್ತಿಕೊಂಡು ಹೋಗುತ್ತಾರಲ್ಲ ಎಂಬ ಅವಮಾನಕ್ಕೆ ಬರಲಿಲ್ಲ. ದಿಂಬಿನ ಚೀಲ ಅಂಚೆಯಲ್ಲಿ ಕಳಿಸಿದೆ. ಅವಳು ಅದನ್ನು ಕತ್ತರಿಸಿಕೊಂಡಳು. ಇಷ್ಟೇ. ಇದರ ಬಗ್ಗೆ ನೀನು ತಿರುಗಿ ಬರೆಯಬೇಡ.

ಈಗ ಕೆಲಸದ ಮಾತು. ನೀನು ಬಲಗೈಯೊಂದನ್ನೇ ತೆಗೆದು ಜೋಡಿಸಿದ್ದು. ಅಂದ ಮೇಲೆ ಅಮ್ಮನ ಕುರ್ಚಿಯ ಎಡಗೈ, ಅದರ ಸಾಕೆಟ್ಟುಗಳು ಎಲ್ಲಿ ಹೋದವು? ತುಕ್ಕು ಹಿಡಿದದ್ದನ್ನು ನೀನು ಎಸೆದಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ಎಸೆಯುವ ಧೈರ್ಯ ನಿನಗಿಲ್ಲ. ಗೋದಾಮಿನಲ್ಲಿ ಎಲ್ಲೋ ಚೀಲ ಮುಚ್ಚಿ ಇಟ್ಟಿರುತ್ತೀಯ. ಬಾಯ್ಲರ್ ಮಾವನನ್ನು ಕೇಳಿದೆ. "ಒಂದೇ ಕುರ್ಚೀದಾದ್ರೆ ಎಡಾನೂ ಬಲಾನೂ ಒಂದೇ ಅಳತೆ. ಸಾಕೆಟ್ ಹಿಡಿಯೋ ಕ್ಲಾಂಪ್ ತಿರುಗಿಸಿ ಹಾಕಿದ್ರೆ ಕೂರತ್ತೆ. ಗುಂಡೀನೂ ಅದರದ್ದೇ ತಗೋಬಹುದು," ಎಂದರು.

ಅದನ್ನು ತೆಗೆದುಕೊಂಡು ನೀನೇ ಬಾ. ಕೆಲಸದವರನ್ನು ಕಳಿಸಬೇಡ, ಅಂಚೆಗೆ ಹಾಕಬೇಡ. ಮೂವತ್ತನೇ ತಾರೀಖು ಮೇಲ್ವಿಚಾರಕಿಗೆ ತೋರಿಸಬೇಕು, ಅದರ ಹಿಂದಿನ ಭಾನುವಾರ ಪ್ರಾರ್ಥನೆ ಮುಗಿಸಿ ಒಂಬತ್ತಕ್ಕೆ ಕಾದಿರುತ್ತೇನೆ. ನಾಲ್ಕು ಸ್ಕ್ರೂ, ಎರಡು ನಟ್ಟು, ತುಕ್ಕು ಬಿಡಿಸುವ ಎಣ್ಣೆ ತಾ. ಹೊಲಿಗೆಗೆ ಮಾತ್ರ ಕೈ ಹಚ್ಚಬೇಡ.

ಅಕ್ಕ

---

ಮೇ 2

ತಮ್ಮಾ,

ಮೇಲ್ವಿಚಾರಕಿ ಮೊನ್ನೆ ಬಂದು ಕುರ್ಚಿಯ ಬಲಗೈ ಮೇಲೆ ಎರಡೂ ಅಂಗೈಯಿಟ್ಟು ತಮ್ಮ ಭಾರವನ್ನೆಲ್ಲ ಬಿಟ್ಟರು. ಅವರ ಭಾರ ಸಣ್ಣದಲ್ಲ. ಅಲುಗಲಿಲ್ಲ. ಪುಸ್ತಕಕ್ಕೆ ಸಹಿ ಹಾಕಿದರು. "ಇದೇನ್ರೀ ಹೊಸ ಕುರ್ಚಿಗೆ ಹಳೇ ತೇಪೆ, ಮುಚ್ಚಿಸಬಾರದಾ?" ಎಂದರು. ಮುಚ್ಚಿಸಿ ಆಗಿದೆ ಮೇಡಂ, ಈಗ ತೆಗೆಸಿದ್ದು ಎಂದೆ. ಅವರಿಗೆ ತಿಳಿಯಲಿಲ್ಲ. ಅವರಿಗೆ ತಿಳಿಯಬೇಕಾದ್ದೂ ಅಲ್ಲ.

ನೀನು ಬಂದುಹೋದ ಮರುದಿನ ಬೆಳಿಗ್ಗೆ ದಾಟುವಾಗ ಟಕ್ ಎಂದಿತು. ನಾಲ್ಕು ತಿಂಗಳ ಹತ್ತಿರವಾಗಿತ್ತು ಆ ಸದ್ದು ಕೇಳಿ.

ನಿನ್ನ ಕೆಲಸದ ಬಗ್ಗೆ ಹೇಳಬೇಕೆಂದರೆ, ಹಿಂದಿನ ಸ್ಕ್ರೂ ಸೊಟ್ಟಗೆ ಕೂತಿದೆ. ಇಷ್ಟು ವರ್ಷ ಕುರ್ಚಿ ಮಾರಿದವನು ಒಂದು ಸ್ಕ್ರೂ ನೆಟ್ಟಗೆ ತಿರುಗಿಸಲಾರ. ಬಾಯ್ಲರ್ ಮಾವ ನೋಡಿ, "ಪರವಾಗಿಲ್ಲ, ಮಾಲೀಕರಲ್ವಾ," ಎಂದು ಬಿಗಿ ಮಾಡಿಕೊಟ್ಟರು. ನೀನು ನೆಲದ ಮೇಲೆ ಮಂಡಿಯೂರಿ ಕೂತು, ನಾನು ನೋಡುತ್ತಿಲ್ಲ ಎಂದುಕೊಂಡು, ಬೆರಳಿನಿಂದ ಆ ಹೊಲಿಗೆಗಳನ್ನು ಐದೈದಾಗಿ ಎಣಿಸಿದ್ದು ನನಗೆ ಕಂಡಿತು. ಎಷ್ಟಾಯಿತು ಎಂದು ನಾನು ಕೇಳುವುದಿಲ್ಲ. ನಾನೂ ಎಣಿಸಿದ್ದೇನೆ.

ನಿನ್ನ ಹಳದಿ ಹಿಡಿಯ ಸ್ಕ್ರೂಡ್ರೈವರ್ ನನ್ನ ಹಾಸಿಗೆಯ ಕೆಳಗೆ ಬಿಟ್ಟುಹೋಗಿದ್ದೀಯ. ಅಂಚೆಗೆ ಹಾಕುವುದಿಲ್ಲ. ಬೇಕಾದರೆ ಬಂದು ತೆಗೆದುಕೊಂಡು ಹೋಗು. ನಾನೇ ತಂದುಕೊಡಬೇಕು ಎಂದಿದ್ದರೆ ಲೆಕ್ಕ ಹೀಗಿದೆ: ಒಂದು ಮೆಟ್ಟಿಲು ಆರು ಅಂಗುಲ, ಐದಕ್ಕೆ ಎರಡೂವರೆ ಅಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿಯಂತೆ ಇಳಿಜಾರು ಮೂವತ್ತು ಅಡಿ ಆಗುತ್ತದೆ. ಕಾರು ನಿಲ್ಲಿಸುವ ಜಾಗ ಬಿಟ್ಟುಕೊಟ್ಟರೆ ನಿನ್ನ ಅಂಗಳದಲ್ಲಿ ಹಿಡಿಸುತ್ತದೆ.

ಕಟ್ಟಿಸು ಎಂದು ನಾನು ಹೇಳುತ್ತಿಲ್ಲ. ಅಳತೆ ತಿಳಿಸಿದೆ, ಅಷ್ಟೆ.

ಅಕ್ಕ